ಸ್ಕ್ಯಾನ್ ನಾರ್ಮಲ್ ಬಂದರೂ ಬೆನ್ನಿಗೆ ಸೂಜಿ ಯಾಕೆ?

ಹಾಸನದ ಓದುಗರೊಬ್ಬರು ತಮ್ಮ ತಂಗಿಯ ಬಗ್ಗೆ ಬರೆದಿದ್ದಾರೆ. ಇಪ್ಪತ್ತಾರರ ಹುಡುಗಿ. ತಿಂಗಳುಗಟ್ಟಲೆ ತಲೆನೋವು, ಬಗ್ಗಿ ಎದ್ದರೆ ಕಣ್ಣಿಗೆ ಕ್ಷಣಹೊತ್ತು ಕತ್ತಲೆ, ಕಿವಿಯಲ್ಲಿ ನಾಡಿ ಬಡಿದ ಹಾಗೆ ಸದ್ದು. ಕನ್ನಡಕ ಬದಲಿಸಲು ಹೋದಾಗ ಕಣ್ಣಿನ ಡಾಕ್ಟರು ನರ ಊದಿದೆ ಅಂದರಂತೆ. ಎಂಆರ್‌ಐಯಲ್ಲಿ ಗಡ್ಡೆ ಇಲ್ಲ. ಈಗ ಬೆನ್ನಿನಿಂದ ನೀರು ತೆಗೆಯಬೇಕು ಅಂದಿದ್ದಾರೆ. ಮನೆಯವರಿಗೆ ಭಯ. ನೆಂಟರು ಮಾತ್ರ ‘ಎಲ್ಲಾ ಟೆನ್ಷನ್, ಮದುವೆಯಾದರೆ ಸರಿಹೋಗುತ್ತೆ’ ಅನ್ನುತ್ತಿದ್ದಾರೆ.

ಅಕ್ಕಾ, ಆ ಪರೀಕ್ಷೆ ಮಾಡಿಸಿ. ದಯವಿಟ್ಟು ಮುಂದೂಡಬೇಡಿ.

ಡಾಕ್ಟರಿಗೆ ಇರುವ ಅನುಮಾನ ಇಡಿಯೋಪಥಿಕ್ ಇಂಟ್ರಾಕ್ರೇನಿಯಲ್ ಹೈಪರ್‌ಟೆನ್ಷನ್, ಅಂದರೆ ಐಐಎಚ್. ಸ್ಪಷ್ಟ ಕಾರಣ ಸಿಗದೆ ತಲೆಬುರುಡೆಯೊಳಗೆ ಒತ್ತಡ ಏರುವ ಕಾಯಿಲೆ. ಬಿಪಿ ನೋಡಿದರೆ ಇದು ಗೊತ್ತಾಗುವುದಿಲ್ಲ. ಮಿದುಳಿನ ಸುತ್ತ ತಿಳಿಯಾದ ದ್ರವವಿದೆ, ಒಂದು ಹೊತ್ತಿಗೆ ಸುಮಾರು 150 ಮಿಲಿಲೀಟರ್. ದಿನಕ್ಕೆ ಹತ್ತಿರಹತ್ತಿರ ಅರ್ಧ ಲೀಟರ್ ಹೊಸದಾಗಿ ತಯಾರಾಗಿ, ಅಷ್ಟೇ ರಕ್ತಕ್ಕೆ ವಾಪಸ್ ಸೇರುತ್ತಿರುತ್ತದೆ. ಈ ಲೆಕ್ಕ ಏರುಪೇರಾದರೆ ಬುರುಡೆ ಹಿಗ್ಗುವುದಿಲ್ಲ, ಒತ್ತಡ ಏರುತ್ತದೆ, ಮತ್ತು ಕಣ್ಣಿನ ನರದ ಹೊದಿಕೆಯೊಳಗೂ ಅದೇ ದ್ರವ ಇರುವುದರಿಂದ ಆ ನರ ಊದಿಕೊಳ್ಳುತ್ತದೆ.

ನನ್ನನ್ನು ನಿಜವಾಗಿ ಕಾಡುವುದು ಇದೇ. ತಲೆನೋವಿಗೆ ಮಾತ್ರೆ ನುಂಗಿಕೊಂಡು ದಿನ ದೂಡಬಹುದು, ಆದರೆ ದೃಷ್ಟಿ ಹೋಗುವುದು ಹೆಚ್ಚಾಗಿ ಅಂಚಿನಿಂದ. ಗೋಡೆಯ ಮೇಲಿನ ಅಕ್ಷರಗಳನ್ನು ಆಕೆ ಪೂರ್ತಿ ಓದುತ್ತಾಳೆ, ಎಲ್ಲರೂ ಕಣ್ಣು ಚೆನ್ನಾಗಿದೆ ಅಂದುಕೊಳ್ಳುತ್ತಾರೆ, ಅಷ್ಟರಲ್ಲಿ ಪಕ್ಕದ ನೋಟ ಕಮ್ಮಿಯಾಗುತ್ತಿರುತ್ತದೆ. ಅದಕ್ಕೇ ಪಕ್ಕದ ನೋಟ ಅಳೆಯುವ ‘ಫೀಲ್ಡ್ ಟೆಸ್ಟ್’ ಮಾಡಿಸಲೇಬೇಕು, ಒಂದು ಸಲ ಅಲ್ಲ, ಡಾಕ್ಟರು ಹೇಳಿದಾಗಲೆಲ್ಲ.

ಇನ್ನು ಸೂಜಿಯ ಭಯ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಕೈಕಾಲು ಬಿದ್ದುಹೋಗುತ್ತೆ ಅನ್ನೋ ಮಾತು ನಂಬಬೇಡಿ. ಕೆಲವರಿಗೆ ಆಮೇಲೆ ಕೆಲವು ದಿನ ತಲೆನೋವು, ಬೆನ್ನುನೋವು ಇರುತ್ತದೆ, ಅದು ನಿಜ. ಮಗ್ಗುಲಾಗಿ ಮಲಗಿಸಿ ಒತ್ತಡ ಅಳೆಯುತ್ತಾರೆ. 25 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕಿಂತ ಜಾಸ್ತಿ ಬಂದರೆ ಅದು ಹೆಚ್ಚು. ಎಂಆರ್‌ಐ ಜೊತೆ ವೆನೋಗ್ರಾಮ್, ಅಂದರೆ ಮಿದುಳಿನ ರಕ್ತನಾಳಗಳ ಸ್ಕ್ಯಾನ್, ಆಗಿದೆಯಾ ಅಂತಲೂ ಕೇಳಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೂ ಇವೇ ಲಕ್ಷಣ ಬರುತ್ತವೆ, ಅದರ ಚಿಕಿತ್ಸೆಯೇ ಬೇರೆ.

ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ, ಮೊಡವೆಗೆ ಡಾಕ್ಸಿಸೈಕ್ಲಿನ್ ತಗೊಳ್ತಾಳೆ ಅಂತ. ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಅದನ್ನೇ! ಈ ಜಾತಿಯ ಮಾತ್ರೆಗಳು, ಮೊಡವೆಗೇ ಕೊಡುವ ಐಸೊಟ್ರೆಟಿನಾಯಿನ್, ಜಾಸ್ತಿ ವಿಟಮಿನ್ ಎ, ಇವೆಲ್ಲ ಒತ್ತಡ ಏರಿಸಬಲ್ಲವು. ಮಾತ್ರೆಯ ಚೀಟಿ ತೆಗೆದುಕೊಂಡು ಇವತ್ತೇ ಅವರನ್ನು ಕೇಳಿ.

ತೂಕದ ಮಾತು ಸೂಕ್ಷ್ಮ. ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನ, ಈಚೆಗೆ ತೂಕ ಏರಿದ ಹೆಣ್ಣುಮಕ್ಕಳಿಗೇ ಇದು ಬರುತ್ತದೆ. ತೂಕ ಇಳಿದರೆ ಒತ್ತಡವೂ ಇಳಿಯುತ್ತದೆ. ಆದರೆ ಆಕೆಯನ್ನು ಹಂಗಿಸಬೇಡಿ, ಡಯೆಟಿಷಿಯನ್ ಹತ್ತಿರ ಜೊತೆಗೆ ಹೋಗಿ. ಆ ದ್ರವ ತಯಾರಾಗುವುದನ್ನು ತಗ್ಗಿಸುವ ಅಸಿಟಜೋಲಮೈಡ್ ಮಾತ್ರೆ ಕೊಡಬಹುದು. ಊಟದ ಪಥ್ಯದ ಜೊತೆ ಇದು ದೃಷ್ಟಿ ಉಳಿಸಲು ನೆರವಾಗುತ್ತದೆ ಅಂತ 165 ಜನರ ಮೇಲೆ ಉತ್ತರ ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಈ ಮಾತ್ರೆಯಿಂದ ಬೆರಳು ಜುಮ್ಮೆನ್ನುತ್ತೆ, ಸೋಡಾ ರುಚಿ ಕೆಡುತ್ತೆ. ಅದಕ್ಕೆ ಹೆದರಿ ತಾವಾಗಿ ನಿಲ್ಲಿಸಬಾರದು.

ಮದುವೆ ಇದಕ್ಕೆ ಔಷಧವಲ್ಲ, ಈ ಕಾಯಿಲೆ ಮದುವೆಗೆ ಅಡ್ಡಿಯೂ ಅಲ್ಲ. ಐಐಎಚ್ ಇದ್ದವರು ಮಕ್ಕಳನ್ನು ಹೆತ್ತಿದ್ದಾರೆ. ಬಸುರಾಗುವ ಯೋಚನೆ ಇದ್ದಾಗ ಮಾತ್ರೆಗಳ ಬಗ್ಗೆ ಮೊದಲೇ ಡಾಕ್ಟರ ಜೊತೆ ಮಾತಾಡಬೇಕು, ಅಷ್ಟೇ.

ಇದರ ನಡುವೆ ನೋಟ ಇದ್ದಕ್ಕಿದ್ದಂತೆ ಮಂಜಾದರೆ ಅಥವಾ ಒಂದು ಎರಡಾಗಿ ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ. ರಾತ್ರಿಯಾಗಿದ್ದರೂ ನರರೋಗ ಮತ್ತು ಕಣ್ಣಿನ ವಿಭಾಗ ಎರಡೂ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ, ಹಳೆಯ ಸ್ಕ್ಯಾನ್, ಫೀಲ್ಡ್ ಟೆಸ್ಟ್ ರಿಪೋರ್ಟು ಎಲ್ಲಾ ಜೊತೆಗಿರಲಿ.

— ಸಂಪಾದಕ