ಸೋಮಾಲಿ ವಲಸಿಗರ ಮತ ಮತ್ತು ಕುಲ

ಪ್ರಶ್ನೆ: ತಾಯ್ನಾಡಿನಲ್ಲಿ ಕುಲಗಳ ಹೆಸರಿನಲ್ಲಿ ಕಾದಾಡಿದ ಸೋಮಾಲಿಗಳು ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಒಗ್ಗಟ್ಟಿನಿಂದ ಮತ ಹಾಕುತ್ತಾರಂತೆ. ಇದು ಹೇಗೆ ಸಾಧ್ಯವಾಯಿತು?
— ಓದುಗರೊಬ್ಬರು, ಧಾರವಾಡ

ಉತ್ತರ: ಒಗ್ಗಟ್ಟಿನ ಮಾತು ಅರ್ಧ ಮಾತ್ರ ನಿಜ. 1991ರಲ್ಲಿ ಸೋಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರ್ರೆಯ ಆಡಳಿತ ಕುಸಿದ ಬಳಿಕ ನಿರಾಶ್ರಿತರಾಗಿ ಬಂದ ಅನೇಕರು ಮಿನ್ನಿಯಾಪೊಲಿಸ್‌ನ ಸೀಡರ್-ರಿವರ್‌ಸೈಡ್ ಬಡಾವಣೆಯ ಬಹುಮಹಡಿ ಕಟ್ಟಡಗಳಲ್ಲಿ ಒತ್ತಾಗಿ ನೆಲೆಸಿದರು. ಈ ನಗರವಿರುವ ಮಿನ್ನೆಸೋಟ ರಾಜ್ಯದಲ್ಲಿ ಪಕ್ಷದ ಬೆಂಬಲ ಯಾರಿಗೆಂಬ ನಿರ್ಧಾರ ನೆರೆಹೊರೆಯವರು ಸೇರುವ ಕಾಕಸ್ ಸಭೆಗಳಿಂದಲೇ ಆರಂಭವಾಗುವುದರಿಂದ, ಜನರನ್ನು ಕರೆತಂದು ಕೂರಿಸಬಲ್ಲ ಬಂಧುತ್ವದ ಜಾಲ ಅಲ್ಲಿ ದೊಡ್ಡ ಬಂಡವಾಳವಾಯಿತು. ಕುಲದ ನಂಟು ಅಳಿಯಲಿಲ್ಲ, ಅದಕ್ಕೆ ಹೊಸ ಕೆಲಸ ಸಿಕ್ಕಿತು. ಹೊರಗಿನವರ ಕಣ್ಣಿಗೆ ಇವರೆಲ್ಲ ಕಪ್ಪುವರ್ಣೀಯರು, ಮುಸ್ಲಿಮರು, ನಿರಾಶ್ರಿತರು. ಆ ನೋಟವೇ ಕುಲವನ್ನು ಮೀರಿದ ಗುರುತನ್ನು ಗಟ್ಟಿಗೊಳಿಸಿತೆಂಬುದು ನನ್ನ ಅಭಿಪ್ರಾಯ.

ಆದರೂ ಪೈಪೋಟಿ ನಿಲ್ಲಲಿಲ್ಲ. 2013ರಲ್ಲಿ ಸೋಮಾಲಿ ಮೂಲದ ಅಬ್ದಿ ವಾರ್ಸಮೆ ನಗರಸಭೆಗೆ ಆಯ್ಕೆಯಾದರು. 2016ರಲ್ಲಿ ರಾಜ್ಯ ಶಾಸನಸಭೆಯ ಸ್ಥಾನಕ್ಕೆ ನಡೆದ ಪಕ್ಷದ ಒಳಚುನಾವಣೆಯಲ್ಲಿ ಸೋಮಾಲಿ ಮೂಲದ ಇಲ್ಹಾನ್ ಒಮರ್, ನಾಲ್ಕು ದಶಕಗಳಿಂದ ಶಾಸಕಿಯಾಗಿದ್ದ ಫಿಲಿಸ್ ಕಾನ್ ಅವರನ್ನಷ್ಟೇ ಅಲ್ಲ, ಮೊಹಮೂದ್ ನೂರ್ ಎಂಬ ಇನ್ನೊಬ್ಬ ಸೋಮಾಲಿ ಅಭ್ಯರ್ಥಿಯನ್ನೂ ಸೋಲಿಸಬೇಕಾಯಿತು. 2018ರಲ್ಲಿ ಒಮರ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು.

ಲಂಡನ್ನಿನ ಕಥೆ ಬೇರೆ. ಬರ್ರೆಯ ವಿರುದ್ಧ ಹೋರಾಡಿದ ಸೋಮಾಲಿ ರಾಷ್ಟ್ರೀಯ ಚಳವಳಿ 1981ರಲ್ಲಿ ಅಲ್ಲಿಯೇ, ಮುಖ್ಯವಾಗಿ ಇಸಾಕ್ ಕುಲದವರಿಂದ, ರೂಪುಗೊಂಡಿತು. ಹತ್ತು ವರ್ಷಗಳ ಬಳಿಕ ಅದೇ ಚಳವಳಿಯ ನೇತೃತ್ವದಲ್ಲಿ ಸೋಮಾಲಿಯಾದ ವಾಯವ್ಯ ಭಾಗವಾದ ಸೋಮಾಲಿಲ್ಯಾಂಡ್ ತನ್ನನ್ನು ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡಿತು. ಅಲ್ಲಿ ಕುಲವೇ ಹೋರಾಟದ ತಳಹದಿಯಾಗಿತ್ತು.