ಊದಿದ ಕಿವಿ, ಒಳಗಿನ ನವೆ: ನಾಯಿ ಸಾಕಿದವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಆರು ವರ್ಷದ ಲ್ಯಾಬ್ರಡಾರ್‌ನ ಎಡಗಿವಿ ರಾತ್ರಿ ಬೆಳಗಾಗುವುದರೊಳಗೆ ಪೂರಿಯ ಹಾಗೆ ಉಬ್ಬಿದೆ. ಮುಟ್ಟಿದರೆ ನೀರು ತುಂಬಿದ ಚೀಲದಂತೆ ಅಲುಗುತ್ತದೆ. ಒಂದು ವಾರದಿಂದ ತಲೆ ಕೊಡವುತ್ತಲೇ ಇತ್ತು. ಸೂಜಿಯಿಂದ ಚುಚ್ಚಿ ನೀರು ತೆಗೆದರೆ ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಮನೆಯಲ್ಲೇ ಮಾಡಬಹುದೇ?
– ಶಿವಮೊಗ್ಗದ ಓದುಗರು

ಉತ್ತರ: ದಯವಿಟ್ಟು ಚುಚ್ಚಬೇಡಿ. ಒಳಗಿರುವುದು ನೀರಲ್ಲ, ರಕ್ತ. ಕಿವಿಯ ಹಾಲೆಯೆಂದರೆ ಎರಡು ಪದರ ಚರ್ಮದ ನಡುವೆ ಒಂದು ತೆಳು ಮೃದ್ವಸ್ಥಿ. ನಾಯಿ ತಲೆಯನ್ನು ಪಟಪಟನೆ ಕೊಡವಿದಾಗ, ಕಾಲಿನಿಂದ ಕೆರೆದುಕೊಂಡಾಗ ಅಲ್ಲಿನ ಸಣ್ಣ ರಕ್ತನಾಳಗಳು ಒಡೆದು ಪದರಗಳ ನಡುವೆ ರಕ್ತ ತುಂಬಿಕೊಳ್ಳುತ್ತದೆ. ಇದನ್ನೇ ಹೆಮಟೋಮಾ ಎನ್ನುವುದು. ಉಬ್ಬು ಸಾಮಾನ್ಯವಾಗಿ ಹಾಲೆಯ ಒಳಮೈಯಲ್ಲಿರುತ್ತದೆ. ಮನೆಯ ಸೂಜಿಯಿಂದ ಚುಚ್ಚಿದರೆ ರಕ್ತದ ಚೀಲ ಕೀವಿನ ಚೀಲವಾಗುವುದಕ್ಕೆ ಎರಡು ದಿನ ಸಾಕು.

ಪ್ರಾಣಕ್ಕೆ ಅಪಾಯವಿಲ್ಲ, ಹಾಗೆಂದು ಮುಂದೂಡುವುದೂ ಬೇಡ. ಒಂದೆರಡು ದಿನದೊಳಗೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಮೊದಲ ದಿನಗಳಲ್ಲಿ ರಕ್ತ ತೆಳುವಾಗಿರುತ್ತದೆ, ಸೂಜಿಯಲ್ಲಿ ಬರುತ್ತದೆ. ದಿನ ಕಳೆದಂತೆ ಹೆಪ್ಪುಗಟ್ಟಿ ಎಳೆಎಳೆಯಾಗುತ್ತದೆ. ಆಮೇಲೆ ಸೂಜಿ ಹಾಕಿದರೂ ಏನೂ ಬರುವುದಿಲ್ಲ.

ಅಲ್ಲಿಯವರೆಗೆ ನಿಮ್ಮ ಕೆಲಸ ಕಿವಿ ಬಡಿದುಕೊಳ್ಳದಂತೆ ನೋಡಿಕೊಳ್ಳುವುದು. ಹಳೆಯ ಬನಿಯನ್ನಿನ ತೋಳನ್ನು ಕತ್ತರಿಸಿ ಕೊಳವೆಯಂತೆ ತಲೆಗೆ ತೊಡಿಸಿ, ಕಿವಿಯನ್ನು ನೆತ್ತಿಯ ಮೇಲೆ ಮಡಚಿ ಒಳಗೆ ಸೇರಿಸಿ. ಗಂಟಲ ಬಳಿ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಲೇಬೇಕು. ಒಬ್ಬರು ಹತ್ತಿರವಿದ್ದಾಗ ಮಾತ್ರ ಇದನ್ನು ಕಟ್ಟಿ. ನಾಯಿ ಏದುಸಿರು ಬಿಟ್ಟರೆ ಕೂಡಲೇ ತೆಗೆಯಿರಿ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಆಸ್ಪಿರಿನ್ ರಕ್ತ ಸೋರುವುದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಒಂದು ವಾರದಿಂದ ತಲೆ ಕೊಡವುತ್ತಿತ್ತು ಎಂದು ಬರೆದಿದ್ದೀರಲ್ಲ, ನಿಜವಾದ ಕಾಯಿಲೆ ಅಲ್ಲಿದೆ. ಉಬ್ಬಿದ ಹಾಲೆಯನ್ನು ಮೆಲ್ಲಗೆ ಎತ್ತಿ ಕಿವಿಯ ತೂತನ್ನು ಬೆಳಕಿನಲ್ಲಿ ನೋಡಿ, ಮೂಸಿ ನೋಡಿ. ಕಂದು ಬಣ್ಣದ ಜಿಡ್ಡು ಗುಗ್ಗೆ, ಹುಳಿ ವಾಸನೆ ಇದ್ದರೆ ಹೆಚ್ಚಾಗಿ ಯೀಸ್ಟ್. ಹಳದಿ ಕೀವು, ಕೆಟ್ಟ ನಾತವಿದ್ದರೆ ಬ್ಯಾಕ್ಟೀರಿಯಾ. ಒಣಗಿದ ಕಾಫಿ ಚರಟದಂಥ ಕಪ್ಪು ಪುಡಿ ಕಂಡರೆ, ಅದರಲ್ಲೂ ಮರಿನಾಯಿಯಲ್ಲಿ, ಕಿವಿಯ ನುಸಿಯನ್ನು ಶಂಕಿಸಬೇಕು. ಹುಲ್ಲಿನ ಚೂಪು ಕದಿರೋ ರಕ್ತ ಹೀರುವ ಉಣ್ಣೆ ಹುಳುವೋ ಒಳಗೆ ಸೇರಿಕೊಂಡಿರುವುದೂ ಉಂಟು. ಇದು ಕಣ್ಣಂದಾಜು ಮಾತ್ರ. ಗುಗ್ಗೆಯನ್ನು ಗಾಜಿನ ಪಟ್ಟಿಗೆ ಬಳಿದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಔಷಧ ನಿರ್ಧಾರವಾಗಬೇಕು. ವೈದ್ಯರು ಹಾಲೆಗೆ ಮಾತ್ರ ಚಿಕಿತ್ಸೆ ಕೊಟ್ಟು ಕಳಿಸುತ್ತಿದ್ದರೆ, "ಕಿವಿಯ ಒಳಗೂ ನೋಡಿ ಸರ್" ಎಂದು ಸಂಕೋಚವಿಲ್ಲದೆ ಕೇಳಿ.

ಉಬ್ಬು ಬಿಸಿಯಾಗಿದ್ದು, ಮುಟ್ಟಿದರೆ ನಾಯಿ ಕಿರುಚಿ, ಜ್ವರವೂ ಇದ್ದರೆ ಅದು ಕಚ್ಚಾಟದ ಗಾಯದಿಂದಾದ ಕೀವುಗಡ್ಡೆ ಇರಬಹುದು. ಗುದದಲ್ಲಿ ಇಟ್ಟ ಥರ್ಮಾಮೀಟರ್ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ನಾಯಿಗೆ ಅದು ಸಹಜ.

ಪ್ರಶ್ನೆ: ಎರಡು ಸಲ ಸಿರಿಂಜಿನಿಂದ ರಕ್ತ ತೆಗೆಸಿದೆವು. ನಾಲ್ಕೇ ದಿನದಲ್ಲಿ ಮತ್ತೆ ತುಂಬಿತು. ಈಗ ಆಪರೇಷನ್ ಅನ್ನುತ್ತಿದ್ದಾರೆ. ಬೇರೆ ದಾರಿ ಇಲ್ಲವೇ? ಹೊಲಿಗೆ ಹಾಕಿದ ಮೇಲೆ ಏನು ನೋಡಿಕೊಳ್ಳಬೇಕು?
– ಹಾಸನದ ಓದುಗರು

ಉತ್ತರ: ಬರೀ ರಕ್ತ ಹೀರಿ ತೆಗೆದರೆ ಮತ್ತೆ ತುಂಬುವುದೇ ಹೆಚ್ಚು. ಪದರಗಳು ಬಿಟ್ಟುಕೊಂಡು ಖಾಲಿ ಜಾಗ ಹಾಗೇ ಉಳಿದಿರುತ್ತದೆ. ಅದಕ್ಕೇ ರಕ್ತ ತೆಗೆದ ಮೇಲೆ ಅದೇ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುವ, ಇಲ್ಲವೇ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವ ಕ್ರಮವಿದೆ. ಹೊಸ ಉಬ್ಬಾಗಿದ್ದು ಕೀವು ಇಲ್ಲದಿದ್ದರೆ ಇದನ್ನು ಒಮ್ಮೆ ಪ್ರಯತ್ನಿಸುವುದು ಒಳ್ಳೆಯದೇ. ಹಲವು ನಾಯಿಗಳು ಇಷ್ಟರಲ್ಲೇ ಗುಣವಾಗುತ್ತವೆ. ಮಾತ್ರೆ ನಡೆಯುವಾಗ ನಾಯಿ ಹೆಚ್ಚು ನೀರು ಕುಡಿಯುತ್ತದೆ, ಪದೇಪದೇ ಮೂತ್ರ ಮಾಡುತ್ತದೆ. ಹೆದರಿ ಮಧ್ಯದಲ್ಲಿ ನಿಲ್ಲಿಸಬೇಡಿ, ವೈದ್ಯರು ಹೇಳಿದಂತೆ ಪ್ರಮಾಣ ಇಳಿಸುತ್ತ ಬನ್ನಿ. ಜೊತೆಗೆ ಮೆಲಾಕ್ಸಿಕಾಮ್‌ನಂಥ ನೋವಿನ ಔಷಧ ಕೊಡಲೇಬಾರದು, ಹೊಟ್ಟೆಯಲ್ಲಿ ರಕ್ತಸ್ರಾವವಾಗುತ್ತದೆ. ಸಕ್ಕರೆ ಕಾಯಿಲೆ ಇರುವ ನಾಯಿಗೆ ಈ ದಾರಿ ಬೇಡ.

ಇನ್ನೊಂದು ಉಪಾಯ ಹಸು ಕಟ್ಟಿದವರಿಗೆ ಬೇಗ ಅರ್ಥವಾಗುತ್ತದೆ. ಕೆಚ್ಚಲಿನ ತೊಟ್ಟಿಗೆ ಹಾಕುವ ಟೀಟ್ ಸೈಫನ್‌ನಂಥದೇ ಸಣ್ಣ ಕೊಳವೆಯನ್ನು ಹಾಲೆಯಲ್ಲಿ ಕೂರಿಸಿ ಹೊಲಿದು, ರಕ್ತ ತಾನೇ ಸೋರಿಹೋಗುವಂತೆ ಕೆಲವು ವಾರ ಬಿಡುತ್ತಾರೆ. ನಾಯಿ ಕೆರೆದು ಕಿತ್ತುಹಾಕದಂತೆ ಕಾಯುವುದೇ ಇದರ ಕಷ್ಟ.

ಎರಡು ಸಲ ತುಂಬಿದ ಮೇಲೆ, ಒಳಗೆ ಹೆಪ್ಪುಗಟ್ಟಿರುವಾಗ, ನಮ್ಮ ಅಭಿಪ್ರಾಯ ಶಸ್ತ್ರಚಿಕಿತ್ಸೆಯ ಕಡೆಗೇ. ಅರಿವಳಿಕೆ ಕೊಟ್ಟು ಹಾಲೆಯ ಒಳಮೈಯಲ್ಲಿ ಉದ್ದಕ್ಕೆ ಇಲ್ಲವೇ 'ಎಸ್' ಆಕಾರದಲ್ಲಿ ಕೊಯ್ದು, ಹೆಪ್ಪನ್ನೆಲ್ಲ ತೆಗೆದು, ಸಲೈನಿನಿಂದ ತೊಳೆದು, ಗಾದಿಗೆ ಟಾಕು ಹಾಕಿದ ಹಾಗೆ ಸುಮಾರು 1 ಸೆಂ.ಮೀ. ಅಂತರದಲ್ಲಿ ಹೊಲಿಗೆ ಹಾಕುತ್ತಾರೆ. ಹೊಲಿಗೆಗಳು ಕಿವಿಯ ಉದ್ದಕ್ಕೇ ಇರಬೇಕು. ರಕ್ತನಾಳಗಳು ಬುಡದಿಂದ ತುದಿಗೆ ಹರಿಯುವುದರಿಂದ ಅಡ್ಡ ಹೊಲಿಗೆ ಅವನ್ನು ಬಿಗಿದು ತುದಿಯನ್ನು ಕೊಳೆಸಬಹುದು.

ಮನೆಗೆ ಬಂದ ಮೇಲೆ ಕೊಯ್ದ ಗೆರೆ ಎರಡು ಮೂರು ಮಿ.ಮೀ. ಬಾಯಿಬಿಟ್ಟಿರುವುದು ಕಾಣುತ್ತದೆ, ಅದರಿಂದ ತಿಳಿಗೆಂಪು ನೀರು ಜಿನುಗುತ್ತದೆ. ಹೊಲಿಗೆ ಬಿಟ್ಟಿತೆಂದು ಗಾಬರಿಯಾಗಬೇಡಿ. ದ್ರವ ಹೊರಗೆ ಹೋಗಲೆಂದೇ ಬಿಟ್ಟ ದಾರಿ ಅದು. ಅಂಚು ಒಣಗಿ ಹೊಪ್ಪಳೆ ಕಟ್ಟಿದ್ದರೆ ಸಲೈನಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ ಒರೆಸಿ. ಬೇರೆ ಗಾಯಗಳ ಹೊಲಿಗೆಯನ್ನು ಹತ್ತು ದಿನಕ್ಕೆ ಬಿಚ್ಚುವ ರೂಢಿ ಇದೆ, ಇಲ್ಲಿ 14ರಿಂದ 21 ದಿನ ಬೇಕು. ಬೇಗ ಬಿಚ್ಚಿಸಿದರೆ ಪದರಗಳು ಅಂಟಿಕೊಂಡಿರುವುದಿಲ್ಲ, ಮತ್ತೆ ತುಂಬುತ್ತದೆ. ಅಷ್ಟೂ ದಿನ ಕೊರಳಿಗೆ ಕೋನ್ (ಕಿವಿ ಕೆರೆದುಕೊಳ್ಳದಂತೆ ತಡೆಯುವ ಆಲಿಕೆಯಾಕಾರದ ಪಟ್ಟಿ) ಇರಲಿ. ಕಿವಿಗೆ ಸುತ್ತಿದ ಬ್ಯಾಂಡೇಜ್ ಒದ್ದೆಯಾದರೆ, ನಾತ ಬಂದರೆ, ಕಿವಿಯ ತುದಿ ತಣ್ಣಗಾಗಿ ಕಪ್ಪಾದರೆ ಆ ದಿನವೇ ತೋರಿಸಿ.

ಪ್ರಶ್ನೆ: ಕಿವಿಯ ಆಪರೇಷನ್ನಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿ ಎಂದರು. ಇಷ್ಟು ಸಣ್ಣದಕ್ಕೆ ಅಗತ್ಯವೇ?
– ಪುತ್ತೂರಿನ ಓದುಗರು

ಉತ್ತರ: ಮಾಡಿಸಿ. ಉಣ್ಣೆ ಕಚ್ಚುವ ನಮ್ಮ ಊರುಗಳಲ್ಲಿ ಎರ್ಲಿಕಿಯಾ ಎಂಬ ಉಣ್ಣೆಜ್ವರ ನಾಯಿಗಳಲ್ಲಿ ಸಾಮಾನ್ಯ, ಅದರಲ್ಲಿ ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳ ಸಂಖ್ಯೆ, ಕುಸಿಯುತ್ತದೆ. ಅಂಥ ನಾಯಿಯ ಕಿವಿ ಕೊಯ್ದರೆ ರಕ್ತ ನಿಲ್ಲುವುದಿಲ್ಲ. ಒಸಡಿನಲ್ಲಿ, ಹೊಟ್ಟೆಯ ಚರ್ಮದಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕಿಗಳಿವೆಯೇ ನೋಡಿ. ಮೂಗಿನಿಂದ ರಕ್ತ ಬಂದಿದ್ದರೆ, ಊಟ ಬಿಟ್ಟು ಮಂಕಾಗಿದ್ದರೆ ಮೊದಲೇ ಹೇಳಿ. ರೋಗ ಖಚಿತವಾದರೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ನಡೆಯುತ್ತದೆ, ಕಿವಿಯ ಕೆಲಸ ಪ್ಲೇಟ್‌ಲೆಟ್ ಏರಿದ ಮೇಲೆ. ತೋಟದಲ್ಲಿ, ಅಟ್ಟದಲ್ಲಿ ಇಲಿ ಪಾಷಾಣ ಇಟ್ಟಿದ್ದರೆ ಅದನ್ನೂ ತಿಳಿಸಿ. ಹಲವು ಇಲಿ ವಿಷಗಳು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತವೆ.

ಪ್ರಶ್ನೆ: ಎರಡು ತಿಂಗಳು ಹಾಗೇ ಬಿಟ್ಟಿದ್ದರಿಂದ ನಾಯಿಯ ಕಿವಿ ಒಣಗಿದ ಎಲೆಯಂತೆ ಮುದುಡಿದೆ. ನೆಟ್ಟಗೆ ಮಾಡಿಸಬಹುದೇ?
– ಬಾಗಲಕೋಟೆಯ ಓದುಗರು

ಉತ್ತರ: ರಕ್ತ ಇಂಗಿ, ಒಳಗೆ ಗಾಯದ ನಾರು ಬೆಳೆದು ಎಳೆದುಕೊಂಡಿದೆ. ಹಳೆಯ ಆಕಾರ ಬರುವುದಿಲ್ಲ. ನೋವಿಲ್ಲದಿದ್ದರೆ ಚೆಂದಕ್ಕಾಗಿ ಕೊಯ್ಯಿಸಬೇಡಿ. ಕಿವಿಯ ತೂತು ಕಿರಿದಾಗಿದೆಯೇ ಎಂದು ಮಾತ್ರ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮತ್ತೆ ಬಾರದಂತೆ ಕಿವಿಗೆ ಬಿಸಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದೇವೆ. ಸರಿಯೇ? ಕಿವಿ ಶುಚಿ ಮಾಡುವ ಕ್ರಮ ತಿಳಿಸಿ.
– ಬೆಂಗಳೂರಿನ ಓದುಗರು

ಉತ್ತರ: ಎಣ್ಣೆ ನಿಲ್ಲಿಸಿ. ನಾಯಿಯ ಕಿವಿಯ ಕೊಳವೆ ನೇರವಾಗಿ ಕೆಳಗಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ, ಇಂಗ್ಲಿಷಿನ 'ಎಲ್' ಅಕ್ಷರದಂತೆ. ಎಣ್ಣೆ ಆ ತಿರುವಿನಲ್ಲಿ ನಿಂತು ಗುಗ್ಗೆಯೊಂದಿಗೆ ಸೇರಿ ಯೀಸ್ಟಿಗೆ ಹಬ್ಬವಾಗುತ್ತದೆ. ಬಡ್ಸ್ ಹಾಕಿದರೆ ಕೊಳೆಯನ್ನು ಅದೇ ತಿರುವಿಗೆ ಇನ್ನಷ್ಟು ತಳ್ಳಿದಂತೆ.

ಕಿವಿಯ ತಮಟೆ ಹರಿದಿಲ್ಲವೆಂದು ವೈದ್ಯರು ನೋಡಿ ಹೇಳಿದ ಮೇಲೆ, ನಾಯಿಗಳಿಗೆಂದೇ ಸಿಗುವ ಕ್ಲೀನರ್ ತನ್ನಿ. ಬಾಟಲಿಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣನೆಯದು ಬಿದ್ದರೆ ನಾಯಿ ಮರುದಿನದಿಂದ ಓಡಿಹೋಗುತ್ತದೆ. ಕೊಳವೆ ತುಂಬುವಷ್ಟು ಬಿಟ್ಟು, ಕಿವಿಯ ಬುಡವನ್ನು ಅರ್ಧ ನಿಮಿಷ ಮೆತ್ತಗೆ ತಿಕ್ಕಿ. ಪಚಪಚ ಸದ್ದು ಕೇಳಿಸಬೇಕು. ಮೇಲೆ ಬಂದ ಕೊಳೆಯನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ, ಬೆರಳು ಹೋಗುವಷ್ಟೇ ದೂರ, ಒರೆಸಿ. ಔಷಧದ ಹನಿಯನ್ನು ಹತ್ತು ನಿಮಿಷ ಬಿಟ್ಟು ಹಾಕಿ. ನಾತ ನಿಂತಿತೆಂದು ಮಧ್ಯದಲ್ಲಿ ಬಿಡಬೇಡಿ, ಮರುಪರೀಕ್ಷೆಯಲ್ಲಿ ಗುಗ್ಗೆ ಶುದ್ಧವಾಗಿದೆಯೆಂದು ತಿಳಿಯುವವರೆಗೆ ಮುಂದುವರಿಸಿ.

ವರ್ಷಕ್ಕೆ ಮೂರು ನಾಲ್ಕು ಸಲ ಎರಡೂ ಕಿವಿ ಕೆಡುತ್ತಿದ್ದು, ನಾಯಿ ಪಾದಗಳನ್ನೂ ನೆಕ್ಕುತ್ತಿದ್ದರೆ ಅಲರ್ಜಿ ಇರಬೇಕು. ಆಹಾರದ ಅಲರ್ಜಿ ಪರೀಕ್ಷಿಸಲು ಅದು ಹಿಂದೆ ತಿಂದಿರದ ಒಂದೇ ಮಾಂಸ, ಒಂದೇ ಧಾನ್ಯ ಎಂಟು ವಾರ ಕೊಡಬೇಕಾಗುತ್ತದೆ. ಆ ಎಂಟು ವಾರದಲ್ಲಿ ಅಜ್ಜಿ ಪ್ರೀತಿಯಿಂದ ಹಾಕುವ ಒಂದು ಬಿಸ್ಕತ್ತೂ, ಹಾಲು ಕಲಸಿದ ಒಂದು ತುತ್ತೂ ಲೆಕ್ಕ ಕೆಡಿಸುತ್ತದೆ, ಮೊದಲ ದಿನದಿಂದ ಮತ್ತೆ ಎಣಿಸಬೇಕಾಗುತ್ತದೆ.