ಕೇಳಬಹುದಿತ್ತು, ಕೇಳಲಿಲ್ಲ

1940ರಲ್ಲಿ ಬ್ರಿಟನ್ ಸೆರೆಗೆ ಹಾಕಿದ ಇಟಲಿಯ ಅಂಗಡಿಕಾರರ ಬಗ್ಗೆ ಹೋದ ತಿಂಗಳು ಬರೆದಿದ್ದೆವು. ‘ಯುದ್ಧದ ಹೊತ್ತಲ್ಲಿ ಶತ್ರು ದೇಶದವರನ್ನು ಹಿಡಿದಿಡದೆ ಸರ್ಕಾರ ಇನ್ನೇನು ಮಾಡಬೇಕಿತ್ತು?’ ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆಗ ಫ್ರಾನ್ಸ್ ಕುಸಿಯುತ್ತಿತ್ತು. ಜನರ ಭಯ ಸುಳ್ಳಲ್ಲ.

ಆದರೆ ಒಂದು ಕೆಲಸ ಮಾಡಬಹುದಿತ್ತು. ಒಬ್ಬೊಬ್ಬರನ್ನೇ ಕರೆಸಿ ವಿಚಾರಿಸಬಹುದಿತ್ತು. 1939ರಲ್ಲಿ ಜರ್ಮನ್ನರು, ಆಸ್ಟ್ರಿಯನ್ನರ ವಿಷಯದಲ್ಲಿ ಅದೇ ಸರ್ಕಾರ ಹಾಗೆ ವಿಚಾರಣೆ ನಡೆಸಿತ್ತು. ಇಟಲಿಯವರಿಗೆ ಅದೂ ಸಿಗಲಿಲ್ಲ.

1940ರ ಜೂನ್ 10ರಂದು ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಬ್ರಿಟನ್ ಮೇಲೆ ಯುದ್ಧ ಸಾರಿದ. ಅದೇ ರಾತ್ರಿ ಎಡಿನ್‌ಬರೊದಂಥ ಊರುಗಳಲ್ಲಿ ಜನ ಇಟಲಿಯವರ ಅಂಗಡಿಗಳ ಗಾಜು ಒಡೆದರು. ಐಸ್‌ಕ್ರೀಮ್ ಅಂಗಡಿ, ಮೀನು ಕರಿದು ಮಾರುವ ಅಂಗಡಿ, ಕಾಫಿ ಅಂಗಡಿ. ಕಲ್ಲು ಎಸೆದವರಲ್ಲಿ ಹಿಂದಿನ ದಿನದವರೆಗೂ ಅಲ್ಲೇ ತಿಂದವರೂ ಇದ್ದಿರಬೇಕು ಅನಿಸಿದಾಗ ನನಗೆ ಸಂಕಟವಾಗುತ್ತದೆ. ಜತೆಗೇ ಪೊಲೀಸರು ಬಂದು ಗಂಡಸರನ್ನು ಕರೆದೊಯ್ದರು. 16ರಿಂದ 70 ವರ್ಷದೊಳಗಿದ್ದು, ಬ್ರಿಟನ್ನಿಗೆ ಬಂದು 20 ವರ್ಷ ಆಗಿರದಿದ್ದರೆ ಸಾಕಿತ್ತು. ಇನ್ನು ಗುಪ್ತಚರರ ‘ಅಪಾಯಕಾರಿ’ ಪಟ್ಟಿಯಲ್ಲಿ ಹೆಸರಿದ್ದರೆ ಎಷ್ಟು ವರ್ಷ ಬಾಳಿದ್ದರೂ ಲೆಕ್ಕಕ್ಕಿರಲಿಲ್ಲ. ಆ ಪಟ್ಟಿಯಲ್ಲಿ ಸುಮಾರು 1,500 ಹೆಸರು. ಮುಸೊಲಿನಿ ಪಕ್ಷದ ಫ್ಯಾಸಿಸ್ಟ್ ಸಂಘದ ಸದಸ್ಯರಾಗಿದ್ದರು ಅನ್ನೋದೇ ಹೆಚ್ಚಿನವರ ಮೇಲಿದ್ದ ಆರೋಪ. ಆದರೆ ಆ ಸಂಘಕ್ಕೆ ಎಷ್ಟೋ ಜನ ಹೋಗುತ್ತಿದ್ದದ್ದು ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡೋಕೆ.

ಕೆಲವರನ್ನು ಮ್ಯಾಂಚೆಸ್ಟರ್ ಹತ್ತಿರದ ‘ಬರಿ’ ಅನ್ನೋ ಊರಲ್ಲಿ, ಪಾಳುಬಿದ್ದ ಹತ್ತಿ ಗಿರಣಿಯಲ್ಲಿ ಕೂಡಿಹಾಕಿದರು. ಜುಲೈ 1ರಂದು ಲಿವರ್‌ಪೂಲ್‌ನಿಂದ ‘ಅರಂಡೋರಾ ಸ್ಟಾರ್’ ಹಡಗು ಕೆನಡಾ ಕಡೆಗೆ ಹೊರಟಿತು. ಅದರಲ್ಲಿ ಹೀಗೆ ಸೆರೆಯಾದ 700ಕ್ಕೂ ಜಾಸ್ತಿ ಇಟಲಿಯವರಿದ್ದರು. ಡೆಕ್ಕಿನ ಸುತ್ತ ಮುಳ್ಳುತಂತಿ. ಮರುದಿನ ಬೆಳಿಗ್ಗೆ ಐರ್ಲೆಂಡ್ ಆಚೆ ಜರ್ಮನ್ ಜಲಾಂತರ್ಗಾಮಿ ಅದನ್ನು ಹೊಡೆದು ಮುಳುಗಿಸಿತು. ಸತ್ತವರು 800ಕ್ಕೂ ಹೆಚ್ಚು. ಅವರಲ್ಲಿ 440ಕ್ಕೂ ಹೆಚ್ಚು ಜನ ಇಟಲಿಯವರು. ಇಟಲಿಯ ಬಾರ್ಡಿ ಅನ್ನೋ ಒಂದು ಬೆಟ್ಟದೂರಿನವರೇ ಹತ್ತಾರು ಜನ. ಅಲ್ಲಿಂದ ವೇಲ್ಸ್‌ಗೆ ಬಂದು ಕಾಫಿ ಅಂಗಡಿ ಇಟ್ಟ ಮನೆತನಗಳು ತುಂಬ.

ಸತ್ತವರಲ್ಲಿ ಡೆಚಿಯೊ ಅಂಜಾನಿ ಕೂಡ ಇದ್ದರು. ಲಂಡನ್ನಿನ ದರ್ಜಿ, 30 ವರ್ಷದಿಂದ ಅಲ್ಲೇ ಇದ್ದವರು. ಮುಸೊಲಿನಿಯ ವಿರುದ್ಧ ಬಹಿರಂಗವಾಗಿ ದುಡಿದವರು. ಅಂಥವರ ಹೆಸರೂ ಪಟ್ಟಿಯಲ್ಲಿತ್ತು. ಎದುರಿಗೆ ಕೂರಿಸಿ ಹತ್ತು ನಿಮಿಷ ಮಾತಾಡಿಸಿದ್ದರೆ ಗೊತ್ತಾಗುತ್ತಿರಲಿಲ್ವಾ?

ಬದುಕಿ ಬಂದವರಲ್ಲಿ ಸುಮಾರು 200 ಇಟಲಿಯವರನ್ನು ಜುಲೈ 10ರಂದು ಮತ್ತೆ ಹಡಗು ಹತ್ತಿಸಿದರು. ಈ ಸಲ ಆಸ್ಟ್ರೇಲಿಯಾಕ್ಕೆ. ಆಗಲೂ ಯಾರೂ ಏನೂ ಕೇಳಲಿಲ್ಲ.

– ಸಂಪಾದಕ